ಕಾಯ ಬೆಳೆಸಲು ಹೋಗಿ ಹಣ್ಣಾದದ್ದು

"ಇನ್ನು ಒಂದೇ ಒಂದು ವರ್ಷ! ಅಷ್ಟರಲ್ಲಿ ಈ ಮನೆಯ ಬಾಗಿಲಲ್ಲಿ ನಾನು ಅಡ್ಡಡ್ಡ ತಿರುಗಿ ಒಳಗೆ ಬರೋ ಹಾಗೆ ಭುಜ ಬೆಳೆಸದಿದ್ದರೆ ನನ್ನ ಹೆಸರು ಬದಲಾಯಿಸಿ ಕರಿ!"

ಹೀಗೆಂದು ನಾನು ಗುಡುಗಿದ್ದು ಮೂವತ್ತೊಂದು ವರ್ಷದ ಹಿಂದೆ, ಅಡುಗೆಮನೆಯ ಹೊಸ್ತಿಲ ಮೇಲೆ, ಬನಿಯನ್ ತೊಟ್ಟು ನಿಂತು. ಆಗ ನನ್ನ ತೂಕ ಐವತ್ತೆರಡು ಕಿಲೋ. ಅದರಲ್ಲೂ ಎರಡು ಕಿಲೋ ಕನ್ನಡಕದ್ದು! ನಕ್ಷೆ ಕಚೇರಿಯಲ್ಲಿ ನಕ್ಷೆ ಬರೆಯುವ ಕೆಲಸ ನನ್ನದು. ಬೆಳಿಗ್ಗೆ ಹತ್ತಕ್ಕೆ ಎತ್ತರದ ಸ್ಟೂಲು ಹತ್ತಿ ಬಗ್ಗಿದರೆ ಸಂಜೆ ಐದೂವರೆಗೇ ತಲೆ ಎತ್ತುವುದು. ನಾನು ಯಾವತ್ತೂ ಹತ್ತದ ಬೆಟ್ಟ, ಯಾವತ್ತೂ ಈಜದ ಹೊಳೆಗಳಿಗೆಲ್ಲ ಗೆರೆ ಎಳೆದೂ ಎಳೆದೂ ನಾನೇ ಒಂದು ಗೆರೆಯಂತಾಗಿದ್ದೆ. ಕಚೇರಿಯ ವಾರ್ಷಿಕೋತ್ಸವದಲ್ಲಿ ದೇಹದಾರ್ಢ್ಯ ಸ್ಪರ್ಧೆ ಇರುತ್ತಿತ್ತು. ಆ ವರ್ಷ ನಮ್ಮ ಸಾಹೇಬರು ಎಲ್ಲರೆದುರು ನನ್ನನ್ನು ತೋರಿಸಿ, "ಇವರು ನಿಲ್ಲೋದಾದ್ರೆ ಅಸ್ಥಿಪಂಜರದ ವಿಭಾಗ ಅಂತ ಬೇರೆ ಮಾಡಬೇಕು" ಅಂದುಬಿಟ್ಟರು. ಕಚೇರಿಗೆ ಕಚೇರಿಯೇ ನಕ್ಕಿತು. ಆ ನಗು ನನ್ನ ಎಲುಬಿಗೆ ಹೋಗಿ ತಾಗಿತು. ಎಲುಬು ಬಿಟ್ಟರೆ ತಾಗಲು ಬೇರೇನೂ ಇರಲಿಲ್ಲವಲ್ಲ!

ನನ್ನ ಗುಡುಗು ಕೇಳಿ ನನ್ನಾಕೆ ಒಲೆಯ ಮುಂದಿನಿಂದ ತಿರುಗಿಯೂ ನೋಡಲಿಲ್ಲ. "ಆಯ್ತು ರೀ. ಭುಜ ಆಮೇಲೆ ಬೆಳೆಸುವಿರಂತೆ, ಮೊದಲು ಈ ಎಣ್ಣೆ ಬಾಟಲಿ ಮುಚ್ಚಳ ತೆಗೆದುಕೊಡಿ" ಅಂದಳು.

ಮುಚ್ಚಳ ತೆಗೆಯಲು ಬರಲಿಲ್ಲ. ಕೊನೆಗೆ ಅವಳೇ ಸೆರಗು ಸುತ್ತಿ ತಿರುವಿದಳು, ಟಪ್ಪೆಂದು ಬಂತು.

ಆದರೆ ಹಟ ಅಂದರೆ ಹಟ! ಮರುದಿನವೇ ಹಳೆಯ ಉಗ್ರಾಣವೊಂದರಲ್ಲಿ ನಡೆಯುತ್ತಿದ್ದ ವ್ಯಾಯಾಮಶಾಲೆಗೆ ಸೇರಿದೆ. ಅಲ್ಲಿನ ಮೇಷ್ಟ್ರಿಗೆ ಕುತ್ತಿಗೆ ಅನ್ನುವ ಅಂಗವೇ ಇರಲಿಲ್ಲ, ತಲೆಯನ್ನು ನೇರವಾಗಿ ಭುಜದ ಮೇಲೆ ಇಟ್ಟಂತಿತ್ತು. ನಂಬಿದರೆ ನಂಬಿ, ಬಿಟ್ಟರೆ ಬಿಡಿ, ಒಂಬತ್ತು ತಿಂಗಳಲ್ಲಿ ನನ್ನ ತೋಳಿನ ಮೇಲೆ ಒಂದು ಉಬ್ಬು ಕಾಣಿಸಿತು. ಮೊದಲು ಸೊಳ್ಳೆ ಕಚ್ಚಿದ್ದೇನೋ ಅಂದುಕೊಂಡೆ. ಅಲ್ಲ, ಮಾಂಸಖಂಡ! ನನ್ನದೇ! ಸ್ಪರ್ಧೆಗೆ ಮೂರು ತಿಂಗಳಿದ್ದಾಗ ಮೇಷ್ಟ್ರು ನನ್ನನ್ನು ಮೂಲೆಗೆ ಕರೆದು ಪಥ್ಯ ಬೋಧಿಸಿದರು.

"ನೋಡಯ್ಯಾ, ಬೇಯಿಸಿದ ಮೊಟ್ಟೆ, ಬೇಯಿಸಿದ ಕಾಳು, ಸೌತೆಕಾಯಿ. ಅಷ್ಟೇ. ಇನ್ನು ಮೇಲೆ ಫಲಾಪೇಕ್ಷೆ ಬಿಟ್ಟು ದುಡೀಬೇಕು."

"ಬಹುಮಾನದ ಆಸೆ ನನಗಿಲ್ಲ ಮೇಷ್ಟ್ರೇ," ಅಂದೆ ವಿನಯದಿಂದ.

"ಬಹುಮಾನದ ಮಾತು ಯಾರು ಆಡಿದ್ರು? ಫಲ ಅಂದ್ರೆ ಹಣ್ಣು! ಹಣ್ಣು ಮುಟ್ಟಬೇಡ ಅಂದೆ. ಹಣ್ಣು ಅಂದ್ರೆ ಸಿಪ್ಪೆ ಹಾಕ್ಕೊಂಡಿರೋ ಸಕ್ಕರೆ. ಒಂದು ಬಾಳೆಹಣ್ಣು ತಿಂದ್ರೂ ನನಗೆ ಗೊತ್ತಾಗುತ್ತೆ!"

ಓದುಗರೇ, ಇಲ್ಲೊಂದು ಸತ್ಯ ಒಪ್ಪಿಕೊಳ್ಳಬೇಕು. ಅಲ್ಲಿಯವರೆಗೆ ನನಗೆ ಹಣ್ಣಿನ ಮೇಲೆ ಅಂಥ ಮೋಹವೇನೂ ಇರಲಿಲ್ಲ. ಬೇಡ ಅಂದರು ನೋಡಿ, ಅಂದಿನಿಂದ ಶುರುವಾಯಿತು! ದಾರಿಯಲ್ಲಿ ತಳ್ಳುಗಾಡಿ ಕಂಡರೆ ಕಾಲು ತಾನಾಗಿ ನಿಲ್ಲುತ್ತಿತ್ತು. ಕಚೇರಿಯಲ್ಲಿ ಗುಡ್ಡ ಬರೆಯಲು ಹೋದರೆ ಅದು ಸೇಬಿನ ಆಕಾರ ತಾಳುತ್ತಿತ್ತು. ಒಂದು ಕೆರೆಗೆ ತೊಟ್ಟು ಕೂಡ ಬರೆದುಬಿಟ್ಟು ಸಾಹೇಬರಿಂದ ಬೈಸಿಕೊಂಡೆ.

ಸರಿಯಾಗಿ ಆ ವಾರವೇ ನಮ್ಮ ಅತ್ತೆ ಬಂದಿಳಿದರು. ನನ್ನಾಕೆಗೆ ಆಗ ಆರು ತಿಂಗಳು, ಚೊಚ್ಚಲ. ಅತ್ತೆ ದರ್ಜಿ. ಗಂಡ ತೀರಿಕೊಂಡ ಮೇಲೆ ಇಪ್ಪತ್ತು ವರ್ಷ ಕೈ ಹೊಲಿಗೆ ಯಂತ್ರ ತಿರುಗಿಸಿ ಮಗಳನ್ನು ಬೆಳೆಸಿದವರು. ಒಂದು ಕೈಯಲ್ಲಿ ಆ ಯಂತ್ರ, ಇನ್ನೊಂದು ಕೈಯಲ್ಲಿ ಹಣ್ಣಿನ ಬುಟ್ಟಿ ಹಿಡಿದು ಎರಡು ಮಹಡಿ ಹತ್ತಿ ಬಂದರು. ಯಂತ್ರ ಇಸಿದುಕೊಳ್ಳಲು ಹೋಗಿ ನಾನು ಮುಗ್ಗರಿಸಿದೆ. "ಇರಲಿ ಬಿಡಿ ಅಳಿಯಂದಿರೇ, ನೀವು ವ್ಯಾಯಾಮ ಮಾಡಿ ಸುಸ್ತಾಗಿರ್ತೀರ," ಅಂದರು. ಅದರಲ್ಲಿ ವ್ಯಂಗ್ಯವಿತ್ತೋ ಇಲ್ಲವೋ ನನಗೆ ಇವತ್ತಿಗೂ ತಿಳಿಯದು.

ನಡುಮನೆಯ ಕಿಟಕಿ ಕೆಳಗೆ ಯಂತ್ರ ಕೂತಿತು. ಊಟದ ಮೇಜಿನ ಮೇಲೆ ಬುಟ್ಟಿ ಕೂತಿತು. ಅತ್ತೆಯ ಕಾನೂನು ಜಾರಿಗೆ ಬಂತು. "ಬಸುರಿ ಹೆಂಗಸು ಹಣ್ಣು ತಿನ್ನಬೇಕು. ಬೆಳಿಗ್ಗೆ ಒಂದು ತಟ್ಟೆ, ಸಂಜೆ ಒಂದು ತಟ್ಟೆ. ಬೇರೆ ಮಾತಿಲ್ಲ!"

ತೊಂದರೆ ಏನೆಂದರೆ, ನನ್ನಾಕೆಗೆ ಹಣ್ಣಿನ ವಾಸನೆ ಸೋಕಿದರೇ ಹೊಟ್ಟೆ ತೊಳಸುತ್ತಿತ್ತು. ಉಳಿದವರಿಗೆ ಮೂರು ತಿಂಗಳಿಗೆ ನಿಲ್ಲುವ ವಾಂತಿ ಇವಳಿಗೆ ಆರಕ್ಕೂ ನಿಂತಿರಲಿಲ್ಲ, ಹಣ್ಣು ಕಂಡರಂತೂ ಕೇಳಲೇಬೇಡಿ. ಅಮ್ಮನಿಗೆ ಹೇಳಿದಳು. "ನಾಲ್ಕು ದಿನ ತಿಂದ್ರೆ ಅದೇ ಅಭ್ಯಾಸ ಆಗುತ್ತೆ," ಅಂದುಬಿಟ್ಟರು ಅತ್ತೆ. ಅತ್ತೆಗೆ ಎದುರಾಡಿ ಗೆದ್ದವರು ಆ ವಂಶದಲ್ಲೇ ಇರಲಿಲ್ಲ.

ಮೊದಲ ಸಂಜೆ ತಟ್ಟೆ ಹಿಡಿದು ಮಲಗುವ ಕೋಣೆಗೆ ಬಂದಳು. ಮುಖ ಹುಳ್ಳಗಿತ್ತು. ತಟ್ಟೆಯಲ್ಲಿ ಬಿಡಿಸಿದ ಕಿತ್ತಳೆ ತೊಳೆಗಳು, ದಾಳಿಂಬೆ ಕಾಳು, ಹೆಚ್ಚಿದ ಸೇಬು. ನಾನು ಗೋಡೆಯ ಕಡೆ ತಿರುಗಿ ಕೂತೆ. ತಪಸ್ಸಿಗೆ ಭಂಗ ತರಲು ಅಪ್ಸರೆಯರು ಯಾಕೆ ಬೇಕು, ಒಂದು ಕಿತ್ತಳೆ ಸಾಕು!

"ರೀ..." ಅಂದಳು ಮೆಲ್ಲಗೆ. "ಇದನ್ನ ನೀವು ತಿಂದುಬಿಡಿ. ನಾನು ತಿಂದೆ ಅಂತ ಅಮ್ಮಂಗೆ ಹೇಳ್ತೀನಿ."

"ಏನಂದೆ? ನಾನು ವ್ರತದಲ್ಲಿರೋನು ಕಣೇ!"

"ಹಾಗಾದ್ರೆ ಕಿಟಕಿಯಿಂದ ಎಸೀತೀನಿ."

"ಛೆ ಛೆ! ಅನ್ನಕ್ಕೆ ಅವಮಾನ ಮಾಡಬಾರದು!" ಅಂದೆ. ಅನ್ನುವಷ್ಟರಲ್ಲಿ ಎರಡು ತೊಳೆ ಒಳಗೆ ಹೋಗಿಯಾಗಿತ್ತು. ಆಹಾ! ಆ ರಸ ಗಂಟಲಿಗಿಳಿದ ಗಳಿಗೆಯಲ್ಲಿ ಒಂಬತ್ತು ತಿಂಗಳಿಂದ ಕಬ್ಬಿಣ ಎತ್ತಿದ ನನ್ನ ಒಂದೊಂದು ಎಲುಬೂ ಎದ್ದು ನಿಂತು ಚಪ್ಪಾಳೆ ತಟ್ಟಿತು.

ಖಾಲಿ ತಟ್ಟೆ ನೋಡಿ ಅತ್ತೆಯ ಮುಖ ಅರಳಿತು. ಮರುದಿನ ತಟ್ಟೆ ದೊಡ್ಡದಾಯಿತು. ಅದೂ ಖಾಲಿ! ಮೂರನೇ ದಿನ ಬಾಳೆಹಣ್ಣು ಸೇರಿತು. ವಾರದೊಳಗೆ ದಿನಕ್ಕೆ ಎರಡಿದ್ದ ತಟ್ಟೆ ನಾಲ್ಕಾಯಿತು. ನಾನು ಕಚೇರಿಯಿಂದ ಬರುವ ಹೊತ್ತಿಗೆ ಮಂಚದ ಕೆಳಗೆ ಎರಡು ತಟ್ಟೆ ಮುಚ್ಚಿಟ್ಟು ಕಾಯುತ್ತಿದ್ದಳು. "ಬೇಗ ತಿನ್ನಿ, ಅಮ್ಮ ಮುಂದಿನದನ್ನ ಹೆಚ್ಚುತಾ ಇದಾಳೆ!" ಅಂತ ಅವಸರ ಮಾಡುತ್ತಿದ್ದಳು. ಬಾಗಿಲಿಗೆ ಬೆನ್ನು ಕೊಟ್ಟು ಅವಳು, ದ್ರಾಕ್ಷಿ ಗೊಂಚಲಿಗೆ ಬಾಯಿ ಕೊಟ್ಟು ನಾನು. ನಗು ತಡೆಯಲು ಅವಳು ದಿಂಬು ಕಚ್ಚಿಕೊಳ್ಳುತ್ತಿದ್ದಳು. ಮದುವೆಯಾಗಿ ಎರಡು ವರ್ಷವಾಗಿದ್ದರೂ ನಾವಿಬ್ಬರೂ ಕೂಡಿ ಮಾಡಿದ ಮೊದಲ ಕಳ್ಳತನ ಅದು. ಆ ಸಲಿಗೆಯ ರುಚಿ ಹಣ್ಣಿಗಿಂತ ಹೆಚ್ಚಾಗಿತ್ತೇನೋ ಅಂತ ಈಗ ಅನ್ನಿಸುತ್ತದೆ.

ಒಂದು ದಿನ ಅತ್ತೆ ಯಂತ್ರ ನಿಲ್ಲಿಸಿ ಗಂಭೀರವಾಗಿ ಹೇಳಿದರು. "ಅಳಿಯಂದಿರೇ, ನಿಮಗೊಂದು ಮಾತು. ಒಂದು ಜೀವಕ್ಕೆ ಇಷ್ಟು ಹಸಿವು ಇರೋಲ್ಲ. ಇದು ಅವಳಿ!"

ನನಗೆ ಕೆಮ್ಮು ಬಂತು. ಆಗಿನ್ನೂ ಹೊಟ್ಟೆಯೊಳಗಿನ ಚಿತ್ರ ತೆಗೆಯುವ ಯಂತ್ರ ನಮ್ಮ ಕಡೆಗೆ ಬಂದಿರಲಿಲ್ಲ, ಅತ್ತೆಯ ಮಾತೇ ಪ್ರಮಾಣ. ಅಂದಿನಿಂದ ಪುಟ್ಟ ಅಂಗಿ ಎರಡೆರಡು, ಟೊಪ್ಪಿಗೆ ಎರಡೆರಡು, ಹೊದಿಕೆ ಎರಡೆರಡು. ಕಿಟಕಿಯ ದಾರದ ಮೇಲೆ ಅವು ಜೋಡಿಜೋಡಿಯಾಗಿ ತೂಗಾಡುತ್ತಿದ್ದರೆ ನಮ್ಮಿಬ್ಬರಿಗೆ ಅವುಗಳ ಕಡೆ ಕಣ್ಣೆತ್ತಿ ನೋಡುವ ಧೈರ್ಯವಿರಲಿಲ್ಲ.

ಅತ್ತ ವ್ಯಾಯಾಮಶಾಲೆಯಲ್ಲಿ ಮೇಷ್ಟ್ರು ನನ್ನ ಸೊಂಟಕ್ಕೆ ಟೇಪು ಸುತ್ತಿ, ಬಿಚ್ಚಿ, ಮತ್ತೆ ಸುತ್ತಿ, ಟೇಪನ್ನೇ ಅನುಮಾನದಿಂದ ನೋಡಿದರು.

"ಏನಯ್ಯಾ ಇದು? ಸೌತೆಕಾಯಿ ತಿಂದು ಹೊಟ್ಟೆ ಬಂದ ಮನುಷ್ಯನ್ನ ಇದೇ ಮೊದಲು ನೋಡ್ತಿರೋದು!"

"ಹೆಂಡತಿ ಬಸುರಿ ಮೇಷ್ಟ್ರೇ. ಅನುಕಂಪ..." ಅಂದೆ.

"ಅನುಕಂಪ ಎದೇಲಿರಲಿ, ಹೊಟ್ಟೆಗ್ಯಾಕೆ ಇಳಿಸ್ತೀಯ?"

ಮನೆಯಲ್ಲಿ ಪ್ಯಾಂಟಿನ ಗುಂಡಿ ಹಾರಿ ಗೋಡೆಗೆ ಬಡಿಯಿತು. ಅತ್ತೆಯೇ ಸೊಂಟ ಬಿಚ್ಚಿ ಅಗಲ ಮಾಡಿಕೊಟ್ಟರು. ಹಲ್ಲಿನಲ್ಲಿ ದಾರ ಕಡಿಯುತ್ತಾ, "ಪರವಾಗಿಲ್ಲ, ವ್ಯಾಯಾಮ ಒಳ್ಳೆ ಫಲ ಕೊಡ್ತಾ ಇದೆ," ಅಂದರು. ನಾನು ನೆಲ ನೋಡಿದೆ.

ಎಂಟನೇ ತಿಂಗಳ ತಪಾಸಣೆಗೆ ಮೂವರೂ ಹೋದೆವು. ಡಾಕ್ಟರಮ್ಮ ನನ್ನಾಕೆಯನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದರು. ಮುಳ್ಳು ನೋಡಿ ಹುಬ್ಬು ಗಂಟಿಕ್ಕಿದರು. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು. "ಎರಡು ತಿಂಗಳಿಂದ ತೂಕ ಏರೇ ಇಲ್ಲ. ಬಿಳಿಚಿಕೊಂಡಿದಾಳೆ. ಏನು ತಿಂತಾಳೆ ಇವಳು?"

ಅತ್ತೆ ಎದೆಯುಬ್ಬಿಸಿ ಪಟ್ಟಿ ಒಪ್ಪಿಸಿದರು. ದಿನಕ್ಕೆ ಆರು ಕಿತ್ತಳೆ, ಮೂರು ಸೇಬು, ಎರಡು ದಾಳಿಂಬೆ, ಐದು ಬಾಳೆಹಣ್ಣು, ದ್ರಾಕ್ಷಿ ಲೆಕ್ಕಕ್ಕಿಲ್ಲ!

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಇಷ್ಟು ತಿಂದೂ ಹೀಗಿದಾಳೆ ಅಂದ್ರೆ ಸುಮ್ಮನೆ ಬಿಡೋ ವಿಷಯ ಅಲ್ಲ. ಸಕ್ಕರೆ ಕಾಯಿಲೆ ಇರಬಹುದು. ಇವತ್ತೇ ದಾಖಲು ಮಾಡಿ. ರಕ್ತ ನಾಲ್ಕು ಸಲ ತೆಗೀಬೇಕಾಗುತ್ತೆ."

ಅತ್ತೆಯ ಎದೆ ಗಾಳಿ ಹೋದಂತೆ ಇಳಿಯಿತು. ಕೈಚೀಲವನ್ನು ಎರಡೂ ಕೈಯಲ್ಲಿ ಅವುಚಿಕೊಂಡು ಬೆಂಚಿನ ತುದಿಯಲ್ಲಿ ಕೂತರು. "ನಾನೇ ಏನಾದ್ರೂ ಹೆಚ್ಚು ತಿನ್ನಿಸಿ ಕೆಡಿಸಿದೆನಾ?" ಅಂತ ತಮ್ಮಷ್ಟಕ್ಕೇ ಕೇಳಿಕೊಂಡರು. ಸೂಜಿ ಕಂಡರೆ ಕಣ್ಣು ಕತ್ತಲೆ ಬರುವ ನನ್ನಾಕೆ ನನ್ನ ಕೈ ಹಿಡಿದುಕೊಂಡಳು. ಕೈ ತಣ್ಣಗಿತ್ತು. ತೆಳ್ಳಗೂ ಇತ್ತು. ಎರಡು ತಿಂಗಳಿಂದ ಅದೇ ಕೈ ನನಗೆ ತಟ್ಟೆ ಕೊಟ್ಟಿತ್ತು. ಆ ಕೈ ಸಣ್ಣಗಾಗುತ್ತಿರುವುದು ನನಗೆ ಕಂಡಿರಲೇ ಇಲ್ಲ. ನಾನು ತಟ್ಟೆ ನೋಡುತ್ತಿದ್ದೆ!

ನರ್ಸು ಸೂಜಿ ಎತ್ತಿಕೊಂಡಳು. ನನ್ನ ಬಾಯಿ ತಾನಾಗಿ ತೆರೆಯಿತು.

"ಡಾಕ್ಟರಮ್ಮಾ, ನಿಲ್ಲಿ! ಸೂಜಿ ನನಗೆ ಚುಚ್ಚಿ! ತಿಂದವನು ನಾನು!"

ಎಲ್ಲ ಹೇಳಿದೆ. ಕಿತ್ತಳೆಯಿಂದ ದ್ರಾಕ್ಷಿಯವರೆಗೆ, ದಿಂಬಿನಿಂದ ಮಂಚದ ಕೆಳಗಿನ ತಟ್ಟೆಯವರೆಗೆ. ಡಾಕ್ಟರಮ್ಮ ತೂಕದ ಯಂತ್ರ ತೋರಿಸಿದರು. ಹತ್ತಿದೆ. ಮುಳ್ಳು ಸರ್ರನೆ ಓಡಿತು. ಪಥ್ಯ ಶುರುವಾದಾಗಿನಿಂದ ಏಳೂವರೆ ಕಿಲೋ ಹೆಚ್ಚು!

"ಗರ್ಭಿಣಿಗೆ ಏರಬೇಕಾದ ತೂಕ ಸರಿಯಾಗೇ ಏರಿದೆ. ವಿಳಾಸ ಮಾತ್ರ ತಪ್ಪಿದೆ," ಅಂದರು. ಆಮೇಲೆ ದನಿ ಬದಲಾಯಿತು. "ನಗೋ ವಿಷಯ ಅಲ್ಲ ಇದು. ಇವಳಿಗೆ ರಕ್ತ ಕಡಿಮೆ ಇದೆ. ಮಗು ಒಂದೇ, ಅದೂ ಸಣ್ಣದು. ಹಣ್ಣು ಸೇರದಿದ್ದರೆ ಬೇಡ. ಹೊಟ್ಟೆಯಲ್ಲಿ ನಿಲ್ಲೋದನ್ನ ಹುಡುಕಿ ಕೊಡಿ. ಇನ್ನೂ ಟೈಮಿದೆ."

ಅತ್ತೆ ಒಂದು ಮಾತೂ ಆಡಲಿಲ್ಲ. ದಾರಿಯಲ್ಲೂ ಇಲ್ಲ, ಮನೆಗೆ ಬಂದ ಮೇಲೂ ಇಲ್ಲ. ಮರುದಿನ ಇಡೀ ದಿನ ಹೊಲಿಗೆ ಯಂತ್ರದ ಸದ್ದಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಮೌನ ಇದೆಯಲ್ಲ, ನಮ್ಮ ಮೇಷ್ಟ್ರ ನೂರು ಕಿಲೋ ಕಬ್ಬಿಣಕ್ಕಿಂತ ಭಾರ.

ನಾನು ಕಚೇರಿಗೆ ರಜೆ ಹಾಕಿ ಅಡುಗೆಮನೆ ಹೊಕ್ಕೆ. ಹಾಲು ಕೊಟ್ಟೆ, ವಾಂತಿ. ಗಂಜಿ ಕೊಟ್ಟೆ, ವಾಂತಿ. ಬಿಸ್ಕತ್ತು ಕೊಟ್ಟೆ, ಅರ್ಧ ನಿಂತಿತು. ಕೊನೆಗೆ ಸೋತು, ನನ್ನ ಪಥ್ಯದ ಬೇಯಿಸಿದ ಮೊಟ್ಟೆ ತಟ್ಟೆಯಲ್ಲಿಟ್ಟುಕೊಂಡು ಅವಳ ಪಕ್ಕ ಕೂತೆ. ಮೂಗು ಅರಳಿಸಿದಳು.

"ಅದೇನು? ಕೊಡಿ ಇಲ್ಲಿ."

ಉಪ್ಪು, ಮೆಣಸು ಉದುರಿಸಿಕೊಂಡು ಒಂದು ತಿಂದಳು. ಇನ್ನೊಂದು ತಿಂದಳು. ಬೇಯಿಸಿದ ಕಾಳು ಬಟ್ಟಲು ಬಟ್ಟಲು ತಿಂದಳು! ನಾನು ಶಿಕ್ಷೆಯೆಂದು ಕಣ್ಣುಮುಚ್ಚಿ ನುಂಗುತ್ತಿದ್ದುದು ಅವಳಿಗೆ ಅಮೃತವಾಗಿತ್ತು. ಎರಡು ತಿಂಗಳು ಒಂದೇ ಮನೆಯಲ್ಲಿ ಇಬ್ಬರ ತಟ್ಟೆಗಳು ಅದಲುಬದಲಾಗಿ ಕೂತಿದ್ದವು, ಅಷ್ಟೇ!

ಆ ಸಂಜೆ ಅತ್ತೆ ನನ್ನನ್ನು ಮೇಜಿಗೆ ಕರೆದರು. ಬುಟ್ಟಿಯಿಂದ ಒಂದು ಕಿತ್ತಳೆ ತೆಗೆದು ನಿಧಾನವಾಗಿ ಸುಲಿಯತೊಡಗಿದರು.

"ಇವಳು ಹೊಟ್ಟೆಯಲ್ಲಿದ್ದಾಗ ನನಗೆ ಕಿತ್ತಳೆ ಬಯಕೆ," ಅಂದರು ನನ್ನ ಮುಖ ನೋಡದೆ. "ಇವಳಪ್ಪ ಆಗಲೇ ಹೋಗಿಬಿಟ್ಟಿದ್ರು, ಯಾರನ್ನ ಕೇಳೋದು? ಕೇಳೋಕೆ ನಾಚಿಕೆ. ಒಂದಿನ ಬಟ್ಟೆ ಕೊಡೋಕೆ ಹೋಗಿದ್ದ ಮನೆಯಲ್ಲಿ ಸಿಪ್ಪೆ ಬಿದ್ದಿತ್ತು. ವಾಸನೆ ನೋಡಿ ಬಂದೆ. ನನ್ನ ಮಗಳಿಗೆ ಹಾಗಾಗಬಾರದು ಅಂತಿತ್ತು. ಅವಳಿಗೆ ಬೇಕೋ ಬೇಡವೋ ಕೇಳಲೇ ಇಲ್ಲ ನೋಡಿ ನಾನು."

"ತಪ್ಪು ನಂದು ಅತ್ತೆ..."

"ನಿಮ್ಮದೂ ಇದೆ. ಇನ್ಮೇಲೆ ಕದ್ದು ತಿನ್ನಬೇಡಿ. ಎದುರಿಗೆ ಕೂತು ತಿನ್ನಿ." ಅರ್ಧ ಹಣ್ಣು ನನ್ನ ಕೈಗಿಟ್ಟರು. ಉಳಿದರ್ಧ ಕೈಯಲ್ಲೇ ಇತ್ತು.

"ನೀವೂ ತಿನ್ನಿ," ಅಂದೆ. ಅವರು ಬಂದು ಎರಡು ತಿಂಗಳಾಗಿತ್ತು. ಅಷ್ಟು ಹಣ್ಣು ಸುಲಿದ ಆ ಕೈ ಒಂದು ತೊಳೆಯನ್ನೂ ಬಾಯಿಗಿಟ್ಟದ್ದನ್ನು ನಾನು ಕಂಡಿರಲಿಲ್ಲ. ತಿಂದರು. ಕಣ್ಣುಮುಚ್ಚಿ, ತುಂಬಾ ಹೊತ್ತು. ಅತ್ತೆ ಹೋಗಿ ಈಗ ಹನ್ನೊಂದು ವರ್ಷ. ಕಿತ್ತಳೆ ಸುಲಿಯುವಾಗ ಏಳುವ ಆ ಘಮಕ್ಕೆ ನನಗೆ ಇವತ್ತಿಗೂ ಬಾಯಲ್ಲಿ ನೀರೂರುವುದಿಲ್ಲ, ಕಣ್ಣಲ್ಲಿ ಊರುತ್ತದೆ.

ಸರಿ, ಅಳುವ ಕಥೆಯಲ್ಲ ಇದು. ಸ್ಪರ್ಧೆಯ ದಿನ ಬಂತು!

ಕಚೇರಿಯ ಸಭಾಂಗಣ, ಕೆಂಪು ಪರದೆ, ಮುಂದಿನ ಸಾಲಿನಲ್ಲಿ ಸಾಹೇಬರು. ಸ್ಪರ್ಧಿಗಳು ಮೂವರೇ. ಉಗ್ರಾಣದ ಕಾವಲುಗಾರ, ಜೀಪಿನ ಡ್ರೈವರು, ಮತ್ತು ನಾನು. ಮೇಷ್ಟ್ರು ನನಗೆ ಅರ್ಧ ಸೇರು ಎಣ್ಣೆ ಬಳಿದು, "ಹೊಟ್ಟೆ ಒಳಗೆ ಎಳ್ಕೋ, ಫಲಿತಾಂಶ ಬರೋವರೆಗೂ ಬಿಡಬೇಡ," ಅಂದು ವೇದಿಕೆಗೆ ತಳ್ಳಿದರು. ಎಳೆದುಕೊಂಡೆ. ತೋಳು ಮಡಿಸಿ ನಿಂತೆ. ಎಣ್ಣೆಯಲ್ಲಿ ಹೊಳೆಯುತ್ತಿದ್ದ ನಾನು ಮೂಡುವ ಸೂರ್ಯನಂತೆ ಕಂಡಿರಬೇಕು. ಕನಿಷ್ಠ ಅಷ್ಟು ಗುಂಡಗಂತೂ ಇದ್ದೆ. ಆಗ ದೂರವಾಣಿ ನೋಡಿಕೊಳ್ಳುವಾಕೆ ಬಾಗಿಲಲ್ಲಿ ನಿಂತು ಕೂಗಿದಳು. "ನಕ್ಷೆ ಸಾರ್! ಆಸ್ಪತ್ರೆಯಿಂದ ಫೋನು! ನಿಮ್ಮ ಮನೆಯವರಿಗೆ ನೋವು ಜೋರಾಗಿದೆಯಂತೆ!"

ವೇದಿಕೆಯಿಂದ ಹಾರಿದೆ. ಪ್ಯಾಂಟು ಸಿಕ್ಕಿತು, ಅಂಗಿ ಸಿಗಲಿಲ್ಲ. ಮೇಜಿನ ಮೇಲಿನ ಬಟ್ಟೆ ಎಳೆದು ಹೊದ್ದುಕೊಂಡು ಓಡಿದೆ. ಅಷ್ಟು ಹೊತ್ತು ಬಿಗಿಹಿಡಿದ ಹೊಟ್ಟೆ ದಾರಿಯಲ್ಲಿ ಸೇಡು ತೀರಿಸಿಕೊಂಡಿತು. ಸ್ನಾಯು ಸೆಳೆತ! ಆಸ್ಪತ್ರೆ ಬಾಗಿಲಿಗೆ ಬರುವಾಗ ಹೊಟ್ಟೆ ಹಿಡಿದು, ಎರಡು ಮಡಿಕೆಯಾಗಿ, "ಅಮ್ಮಾ..." ಅನ್ನುತ್ತಿದ್ದೆ.

"ಹೆರಿಗೆ ವಾರ್ಡು... ಎಲ್ಲಿ?" ಅಂತ ನರಳಿದೆ.

ಬಾಗಿಲ ಆಯಾ ನನ್ನ ಹೊಟ್ಟೆ ನೋಡಿದಳು, ಹೊದ್ದ ಬಟ್ಟೆ ನೋಡಿದಳು, ಮೀಸೆ ನೋಡಿ ಒಂದು ಗಳಿಗೆ ಗೊಂದಲಕ್ಕೆ ಬಿದ್ದಳು. ಆದರೂ ಕರ್ತವ್ಯ ಕರ್ತವ್ಯವೇ. ಗಾಲಿಕುರ್ಚಿ ತಂದು ಕೂರಿಸಿದಳು!

ಹೀಗೆ ನಾನು ಗಾಲಿಕುರ್ಚಿಯಲ್ಲಿ ಮೆರವಣಿಗೆ ಹೋಗಿ ಹೆರಿಗೆ ಕೋಣೆಯ ಮುಂದೆ ಇಳಿದೆ. ಒಳಗಿನಿಂದ ಅಳು ಕೇಳಿತು. ನರ್ಸು ಬಟ್ಟೆಯಲ್ಲಿ ಸುತ್ತಿದ ಮಗು ತಂದಳು. ಹೆಣ್ಣು, ಎರಡು ಕಿಲೋ ಎಂಟುನೂರು ಗ್ರಾಂ, ಕೈಕಾಲು ಬಡಿಯುತ್ತಿತ್ತು. ತಾಯಿಯೂ ಕ್ಷೇಮ. ನಾನು ಕೈ ಚಾಚಿದೆ. ನರ್ಸು ಹಿಂದಕ್ಕೆ ಸರಿದಳು.

"ಜಾರಿಬಿಡುತ್ತೆ! ಮೊದಲು ಹೋಗಿ ಸೋಪು ಹಾಕಿ ತೊಳ್ಕೊಂಡು ಬನ್ನಿ!"

ಮೂರು ಸಲ ತೊಳೆದ ಮೇಲೆ ಮಗು ಕೈಗೆ ಬಂತು. ಒಂದು ವರ್ಷ ಕಬ್ಬಿಣ ಎತ್ತಿದ ತೋಳು ಗಡಗಡ ನಡುಗಿತು. ಅತ್ತೆ ಕೆಳಗಿನಿಂದ ಒಂದು ಕೈ ಆನಿಸಿ ಹಿಡಿದರು. ಹಿಡಿದೇ ಇದ್ದರು.

ಮರುದಿನ ಮಧ್ಯಾಹ್ನ ಮೇಷ್ಟ್ರು ಆಸ್ಪತ್ರೆಗೆ ಬಂದರು. ನನ್ನ ಅಂಗಿ ತಂದಿದ್ದರು. ಮಗು ನೋಡಿದರು, ಕೆಮ್ಮಿದರು, ಕಿಟಕಿ ನೋಡಿದರು.

"ಫಲಿತಾಂಶ ಬಂತೇನು ಮೇಷ್ಟ್ರೇ?" ಅಂದೆ. ಮೂವರಲ್ಲಿ ಮೂರನೆಯವನಾದರೂ ಬಹುಮಾನ ಬಹುಮಾನವೇ ಅಲ್ಲವೇ!

"ಬಂತು. ನಿನಗೆ ನಾಲ್ಕನೇ ಸ್ಥಾನ."

"ನಾಲ್ಕನೇದಾ! ಇದ್ದಿದ್ದೇ ಮೂರು ಜನ!"

"ಹೌದಯ್ಯಾ... ಆದ್ರೆ ನೀನು ಓಡಿದ ಮೇಲೆ ದೀಪ ಕೆಟ್ಟಿತು. ಸರಿಮಾಡೋಕೆ ಎಲೆಕ್ಟ್ರಿಷಿಯನ್ನು ವೇದಿಕೆ ಹತ್ತಿದ, ಸೆಖೆ ಅಂತ ಅಂಗಿ ಬಿಚ್ಚಿದ್ದ. ಏಣಿ ಮೇಲೆ ಕೈ ಎತ್ತಿ ನಿಂತಿದ್ದನ್ನ ನೋಡಿ ತೀರ್ಪುಗಾರರು ಅವನಿಗೂ ಅಂಕ ಹಾಕಿಬಿಟ್ರು!"

ನನ್ನಾಕೆ ಹೊದಿಕೆ ಬಾಯಿಗೆ ತುರುಕಿಕೊಂಡು ನಕ್ಕಳು. "ಅಯ್ಯೋ, ನಗಿಸಬೇಡಿ ರೀ, ಹೊಲಿಗೆ ಬಿಚ್ಚಿಹೋಗುತ್ತೆ!" ಅಂತ ಕಣ್ಣೀರು ಸುರಿಸಿದಳು. ನರ್ಸು ನಕ್ಕಳು. ಮೇಷ್ಟ್ರೂ ಇಲ್ಲದ ಕುತ್ತಿಗೆ ಕುಣಿಸಿ ನಕ್ಕರು. ನಾನು ಸೋತು ಹಣ್ಣಾಗಿ ಕುರ್ಚಿಗೆ ಕುಸಿದೆ. ಅತ್ತೆ ಮಾತ್ರ ನಗದೆ ಎದ್ದು ಬಂದು ಮಗುವನ್ನು ನನ್ನ ಮಡಿಲಿಗಿಟ್ಟು ಬೆನ್ನು ತಟ್ಟಿದರು.

"ಬೇಜಾರು ಮಾಡ್ಕೋಬೇಡಿ ಅಳಿಯಂದಿರೇ. ಈ ಮಗೂಗೆ ಅಪ್ಪ ಆಗೋಕೆ ನೀವೊಬ್ಬರೇ ನಿಂತಿದ್ದು. ಅವಿರೋಧ ಆಯ್ಕೆ!"